ದೊಡ್ಡ ಬ್ರ್ಯಾಂಡಿಗೆ ಹೋಟೆಲ್ ಕಟ್ಟಿಕೊಟ್ಟರೆ ಅವರ ಜೊತೆ ನಾವೂ ಬೆಳೆಯಬಹುದಾ?

2016ರಲ್ಲಿ ಬ್ಯಾಂಕ್ ಮ್ಯಾನೇಜರ್ ಮುಂದೆ ಕೂತು ನಾನು ಹೇಳಿದ್ದೂ ಇದೇ ಮಾತು. "ಕಂಪನಿ ಬೆಳೀತಾ ಇದೆ ಸಾರ್, ನಾವೂ ಬೆಳೀತೀವಿ."

ಚಿಕ್ಕಮಗಳೂರು ಕಡೆ ನಮ್ಮದು ಕಾಫಿ ತೋಟ. 28 ಕೋಟಿ ಸಾಲ ಮಾಡಿ 42 ರೂಮಿನ ರೆಸಾರ್ಟ್ ಕಟ್ಟಿದೆವು. ನಡೆಸೋಕೆ ಒಂದು ಲಕ್ಷುರಿ ಹೋಟೆಲ್ ಕಂಪನಿಗೆ 20 ವರ್ಷಕ್ಕೆ ಬರೆದುಕೊಟ್ಟೆವು. ಹೆಸರು, ಬುಕಿಂಗ್, ಮ್ಯಾನೇಜರ್ ಅವರದು. ಜಾಗ, ಕಟ್ಟಡ, ಸಾಲ, ಸಂಬಳದ ಖರ್ಚು ನಮ್ಮದು.

ಕರಾರಿನಲ್ಲಿ ಶೇ. 3 ಫೀ ಅಂತಿತ್ತು. ಲಾಭದಲ್ಲಿ ಶೇ. 3 ಅಂದುಕೊಂಡು ಸಹಿ ಹಾಕಿದೆ. ಅದೇ ನನ್ನ ತಪ್ಪು. ಅದು ಒಟ್ಟು ವಹಿವಾಟಿನ ಮೇಲೆ. ರೂಮು, ಊಟ, ಮದುವೆ, ಸ್ಪಾ, ಎಲ್ಲ ಸೇರಿ.

ಮೊದಲ ಪೂರ್ತಿ ವರ್ಷದ ಲೆಕ್ಕ ಕೇಳಿ. ವಹಿವಾಟು 14 ಕೋಟಿ. ನಡೆಸುವ ಖರ್ಚು ಕಳೆದು ಉಳಿದದ್ದು 4 ಕೋಟಿ. ಅದರಿಂದ ವಹಿವಾಟಿನ ಶೇ. 3ರ ಫೀ 42 ಲಕ್ಷ ಹೋಯಿತು. ಆ 4 ಕೋಟಿಯ ಮೇಲೆ ಮತ್ತೆ ಶೇ. 8 ಇನ್ಸೆಂಟಿವ್ ಫೀ, ಅಂದರೆ ಲಾಭಕ್ಕೆ ತಕ್ಕಂತೆ ಅವರಿಗೆ ಕೊಡೋ ಫೀ, 32 ಲಕ್ಷ. ಮಂಚ, ಸೋಫಾ, ಏಸಿ ಬದಲಿಸೋಕೆ ಅಂತ ವಹಿವಾಟಿನ ಶೇ. 4 ಎತ್ತಿಡಬೇಕು, 56 ಲಕ್ಷ. ನಮ್ಮ ಕೈಗೆ 2 ಕೋಟಿ 70 ಲಕ್ಷ. ಬಡ್ಡಿಯೇ 3 ಕೋಟಿ 8 ಲಕ್ಷ! ಕಂಪನಿಗೆ 74 ಲಕ್ಷ ಬಂತು, ನಮಗೆ 38 ಲಕ್ಷ ಕಡಿಮೆ ಬಿತ್ತು. ಅವರ ಲೆಕ್ಕದಲ್ಲಿ ನಮ್ಮ ಬಡ್ಡಿಗೆ ಜಾಗವೇ ಇಲ್ಲ. ಆರು ಎಕರೆ ತೋಟ ಮಾರಿದೆ. ನಮ್ಮಪ್ಪ ನೆಟ್ಟ ಗಿಡಗಳು ಅವು.

ಕಂಪನಿ ಮೋಸ ಮಾಡಲಿಲ್ಲ. ಬೇರೆಯವರ ಕಟ್ಟಡದಲ್ಲಿ ಹೋಟೆಲ್ ನಡೆಸಿ ಫೀ ತಗೊಳ್ಳೋದು, ಅವರು ಬೆಳೆಯುವ ದಾರಿಯೇ ಅದು. ಅಮೆರಿಕದ ಹೋಟೆಲ್ ಕಂಪನಿ ಮ್ಯಾರಿಯಟ್ 1993ರಲ್ಲೇ ಎರಡು ಕಂಪನಿಯಾಗಿ ಒಡೆಯಿತು, ಕಟ್ಟಡಗಳು ಒಂದು ಕಡೆ, ಹೋಟೆಲ್ ನಡೆಸುವ ವ್ಯವಹಾರ ಇನ್ನೊಂದು ಕಡೆ. ಸ್ವಂತಕ್ಕೆ ಅರಮನೆಯಂಥ ಹೋಟೆಲ್‌ಗಳನ್ನು ಕಟ್ಟಿದ ಲೀಲಾ ಸಾಲದಲ್ಲಿ ಸಿಕ್ಕಿಕೊಂಡಿತು. ನಮ್ಮ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯದ್ದೂ ಸೇರಿ ನಾಲ್ಕು ಹೋಟೆಲ್ 2019ರಲ್ಲಿ ಕೆನಡಾದ ಹೂಡಿಕೆ ಕಂಪನಿ ಬ್ರೂಕ್‌ಫೀಲ್ಡ್ ಪಾಲಾದವು, 3,950 ಕೋಟಿಯ ವ್ಯವಹಾರದಲ್ಲಿ. ಕಟ್ಟಡದ ಸಾಲ ಎಷ್ಟು ಭಾರ ಅಂತ ಈ ವ್ಯಾಪಾರದಲ್ಲಿ ಇರುವವರಿಗೆ ಚೆನ್ನಾಗಿ ಗೊತ್ತು. ಆ ಭಾರ ಹೊರೋಕೆ ನಮ್ಮಂಥವರು ಬೇಕು, ಅಲ್ವಾ?

ಹಾಗಾಗಿ "ಜೊತೆಗೆ ಬೆಳೆಯೋದು" ಅನ್ನೋದನ್ನು ನಾನು ಒಪ್ಪಲ್ಲ. ನೀವು ಪಾಲುದಾರರಲ್ಲ, ಗಿರಾಕಿ. ಯಾವ ಬ್ರ್ಯಾಂಡ್ ಒಳ್ಳೇದು ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಸಾಲ ಜಾಸ್ತಿ ಇದ್ದರೆ ಕಟ್ಟಲೇಬೇಡಿ. ಕಟ್ಟಲೇಬೇಕು ಅಂತಿದ್ದರೆ, ನಿಮಗೆ ವರ್ಷಕ್ಕೆ ಇಷ್ಟು ಅಂತ ಕೈಸೇರಿದ ಮೇಲೆ ಮಾತ್ರ ಇನ್ಸೆಂಟಿವ್ ಫೀ ಅಂತ ಬರೆಸಿ. ಓನರ್ಸ್ ಪ್ರಯಾರಿಟಿ ಅಂತಾರೆ ಅದಕ್ಕೆ. ಆ ಮೊತ್ತ ನಿಮ್ಮ ಬಡ್ಡಿಗಿಂತ ಕಡಿಮೆ ಇದ್ದರೆ ಎದ್ದು ಬನ್ನಿ.