ಯೂಸರ್‌ಗೆ ತಕ್ಕ ಹಾಗೆ ಮೆನು ತೋರಿಸುವುದು ಹೇಗೆ? ಅದನ್ನು ಡೇಟಾಬೇಸಿನಲ್ಲಿ ಇಡಬೇಕಾ?

ನೀವು ಜಾಂಗೋದಲ್ಲಿ (ವೆಬ್‌ಸೈಟ್ ಕಟ್ಟುವ ಪೈಥಾನ್ ಫ್ರೇಮ್‌ವರ್ಕ್) ಒಂದು ಸೊಸೈಟಿಗೆ ಸಾಫ್ಟ್‌ವೇರ್ ಮಾಡುತ್ತಿದ್ದೀರಿ. ಮ್ಯಾನೇಜರಿಗೆ ಒಂದು ಮೆನು, ಕ್ಯಾಷಿಯರಿಗೆ ಒಂದು, ದಿನದಿನದ ಉಳಿತಾಯ ಸೇರಿಸುವ ಪಿಗ್ಮಿ ಏಜೆಂಟರಿಗೆ ಇನ್ನೊಂದು. ಟೆಂಪ್ಲೇಟಿನ ತುಂಬ 'ಇಫ್' ಆಗಿ ಹೋಗಿದೆ, ಮೆನುವನ್ನೇ ಒಂದು ಟೇಬಲಿಗೆ ಹಾಕಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ.

ಟೇಬಲ್ ಬೇಡ. ಆದರೆ ಮೆನುವಿಗಿಂತ ಮೊದಲು ಬೇರೊಂದು ವಿಷಯ ನೋಡಬೇಕು.

ನಾನು ಮಂಗಳೂರಿನಲ್ಲಿ ಇಂಥದ್ದೇ ಕೆಲಸ ಮಾಡುತ್ತೇನೆ. ನಮ್ಮ ಕಡೆ ಪಿಗ್ಮಿ ಅಂದರೆ ಎಲ್ಲರಿಗೂ ಗೊತ್ತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಶುರು ಮಾಡಿದ್ದು ಅದು. ಆಗ ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಇವತ್ತಿಗೂ ಏಜೆಂಟರು ಹೂವಿನ ಅಂಗಡಿ, ಮೀನು ಮಾರ್ಕೆಟ್ ಅಂತ ಸುತ್ತಿ ಐವತ್ತು, ನೂರು ರೂಪಾಯಿ ಸೇರಿಸುತ್ತಾರೆ. ಆ ದುಡ್ಡು ಯಾರ ಕಣ್ಣಿಗೆ ಬೀಳಬೇಕು, ಯಾರ ಕಣ್ಣಿಗೆ ಬೀಳಬಾರದು ಅನ್ನುವುದನ್ನು ನಾವು ಬರೆಯುವ ಕೋಡು ತೀರ್ಮಾನ ಮಾಡುತ್ತದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ಉಡುಪಿ ಕಡೆಯ ಒಂದು ಸೊಸೈಟಿಗೆ ಸಾಲ ಮಂಜೂರಾತಿಯ ಪುಟ ಮಾಡಿಕೊಟ್ಟಿದ್ದೆ. ಮೆನುವಿನಲ್ಲಿ ಅದು ಮ್ಯಾನೇಜರಿಗೆ ಮಾತ್ರ ಕಾಣುತ್ತಿತ್ತು. ಒಂದು ದಿನ ಮ್ಯಾನೇಜರು ಸಾಲ ಕೇಳಿದವರೊಬ್ಬರ ಪುಟದ ಲಿಂಕನ್ನು ವಾಟ್ಸ್ಯಾಪಿನಲ್ಲಿ ಏಜೆಂಟರಿಗೆ ಕಳಿಸಿದರು, ಇವರ ಮನೆ ನೋಡಿಕೊಂಡು ಬನ್ನಿ ಅಂತ. ಏಜೆಂಟರು ಒತ್ತಿದರು, ಪುಟ ತೆರೆಯಿತು. ಕೆಳಗೆ 'ಮಂಜೂರು' ಬಟನ್ನೂ ಇತ್ತು. ಪಾಪ, ಅವರು ಒತ್ತಲಿಲ್ಲ. ನನಗೇ ಫೋನ್ ಮಾಡಿ, "ಇದು ನನಗೆ ಓಪನ್ ಆಗ್ಬಾರ್ದಲ್ವಾ ಮಾರಾಯ್ರೆ?" ಅಂದರು. ನಾನು ಮೆನುವಿನಿಂದ ಲಿಂಕ್ ತೆಗೆದಿದ್ದೆ, ಅಷ್ಟೆ. ಪುಟವನ್ನು ತಯಾರಿಸಿ ಕೊಡುವ ಕೋಡಿನಲ್ಲಿ, ಅಂದರೆ ವ್ಯೂನಲ್ಲಿ, ಯಾರನ್ನೂ ತಡೆದಿರಲಿಲ್ಲ.

ಈ ತಪ್ಪು ಎಲ್ಲ ಕಡೆ ಆಗುತ್ತದೆ. ವೆಬ್ ಸುರಕ್ಷತೆಯ ಮೇಲೆ ಕೆಲಸ ಮಾಡುವ ಓವಾಸ್ಪ್ ಸಂಸ್ಥೆಯ 2021ರ ಪಟ್ಟಿಯಲ್ಲಿ ಅನುಮತಿ ಸರಿಯಾಗಿ ನೋಡದ ದೋಷವೇ ಮೊದಲನೆಯದು. 2017ರ ಪಟ್ಟಿಯಲ್ಲಿ ಅದು ಐದನೆಯದಾಗಿತ್ತು.

ಹಾಗಾಗಿ ಮೊದಲು ವ್ಯೂಗಳಿಗೆ ಅನುಮತಿ ಹಾಕಿ. ಕ್ಲಾಸ್ ವ್ಯೂ ಆದರೆ ಪರ್ಮಿಷನ್ ರಿಕ್ವೈರ್ಡ್ ಮಿಕ್ಸಿನ್ ಉಂಟು. ಯಾವ ಅನುಮತಿ ಬೇಕು ಅನ್ನುವುದನ್ನು ಆ ಕ್ಲಾಸಿನಲ್ಲೇ ಬರೆದಿಡಬಹುದು. ಆಮೇಲೆ ಮೆನು ತುಂಬ ಸುಲಭ. ಒಂದು ಪೈಥಾನ್ ಫೈಲಿನಲ್ಲಿ ಸಾದಾ ಲಿಸ್ಟ್ ಮಾಡಿ. ಪ್ರತಿ ಸಾಲಿಗೆ ಹೆಸರು ಮತ್ತು ಯುಆರ್‌ಎಲ್‌ನ ಹೆಸರು, ಎರಡೇ. ಅನುಮತಿಯನ್ನು ಇಲ್ಲಿ ಮತ್ತೊಮ್ಮೆ ಬರೆಯಬೇಡಿ. ಯುಆರ್‌ಎಲ್‌ನಿಂದ ವ್ಯೂ ಕ್ಲಾಸನ್ನು ಹುಡುಕಿ, ಅದು ಕೇಳುವ ಅನುಮತಿ ಈ ಯೂಸರ್‌ಗೆ ಇದೆಯಾ ಅಂತ ನೋಡಿ. ಇದ್ದರೆ ಸಾಲು ಉಳಿಯುತ್ತದೆ, ಇಲ್ಲದಿದ್ದರೆ ಬಿಟ್ಟುಹೋಗುತ್ತದೆ. ಇದನ್ನು ಒಂದು ಕಾಂಟೆಕ್ಸ್ಟ್ ಪ್ರೊಸೆಸರಿನಲ್ಲಿ (ಎಲ್ಲ ಟೆಂಪ್ಲೇಟಿಗೂ ಡೇಟಾ ಕೊಡುವ ಫಂಕ್ಷನ್) ಇಟ್ಟರೆ ಟೆಂಪ್ಲೇಟಿನಲ್ಲಿ ಒಂದೇ ಲೂಪ್ ಸಾಕು. ನಿಮ್ಮ 'ಇಫ್'ಗಳೆಲ್ಲ ಹೋಗುತ್ತವೆ. ನಾಳೆ ವ್ಯೂನಲ್ಲಿ ಅನುಮತಿ ಬದಲಾಯಿಸಿದರೆ ಮೆನುವೂ ತಾನಾಗಿಯೇ ಬದಲಾಗುತ್ತದೆ.

'ಸಾಲ', 'ಠೇವಣಿ' ಅಂತ ಮೇಲಿನ ತಲೆಬರಹಗಳಿಗೆ ಬೇರೆ ಅನುಮತಿ ಕೊಡಬೇಡಿ. ಒಳಗೆ ಒಂದು ಸಾಲಾದರೂ ಉಳಿದರೆ ತೋರಿಸಿ.

ಪ್ರತಿ ಸಾಲಿಗೂ ಡೇಟಾಬೇಸಿಗೆ ಹೋಗಬೇಕಾಗುತ್ತದೆ ಅಂತ ಹೆದರಬೇಡಿ. ಮೊದಲ ಸಲ ಕೇಳಿದಾಗಲೇ ಜಾಂಗೋ ಆ ಯೂಸರಿನ ಎಲ್ಲ ಅನುಮತಿಗಳನ್ನು ತಂದು ಯೂಸರ್ ಆಬ್ಜೆಕ್ಟಿನಲ್ಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಸುಮ್ನೆ ಮೆನುವನ್ನು ಕ್ಯಾಶ್ ಮಾಡಲು, ಅಂದರೆ ಒಮ್ಮೆ ಮಾಡಿದ್ದನ್ನು ಎತ್ತಿಟ್ಟು ಮತ್ತೆ ಬಳಸಲು, ಹೋಗಬೇಡಿ. ಕ್ಯಾಶ್ ಕೀಯಲ್ಲಿ ಯೂಸರನ್ನು ಸೇರಿಸಲು ಮರೆತರೆ ಮ್ಯಾನೇಜರಿನ ಮೆನು ಎಲ್ಲರಿಗೂ ಕಾಣುತ್ತದೆ. ಸೆಷನ್ನಿನಲ್ಲಿ ಇಟ್ಟರೆ, ಅನುಮತಿ ಕಿತ್ತುಕೊಂಡ ಮೇಲೂ ಹಳೇ ಮೆನು ಹಾಗೇ ಇರುತ್ತದೆ.

ನಿಮ್ಮಲ್ಲಿ ಫಂಕ್ಷನ್ ವ್ಯೂ ಜಾಸ್ತಿ ಇದ್ದರೆ ಒಂದು ಎಚ್ಚರಿಕೆ. ಪರ್ಮಿಷನ್ ರಿಕ್ವೈರ್ಡ್ ಡೆಕೊರೇಟರ್ ಅನುಮತಿ ಇಲ್ಲದವರನ್ನು ಲಾಗಿನ್ ಪುಟಕ್ಕೆ ಕಳಿಸುತ್ತದೆ, ಅವರು ಈಗಾಗಲೇ ಲಾಗಿನ್ ಆಗಿದ್ದರೂ. ಅವರಿಗೆ ಏನಾಯಿತು ಅಂತಲೇ ಗೊತ್ತಾಗುವುದಿಲ್ಲ. ರೈಸ್ ಎಕ್ಸೆಪ್ಶನ್ ಅನ್ನುವುದನ್ನು ಟ್ರೂ ಮಾಡಿ, 403, ಅಂದರೆ 'ಅನುಮತಿ ಇಲ್ಲ' ಅನ್ನುವ ಉತ್ತರ ಬರುತ್ತದೆ.

ಇನ್ನೊಂದು, ಮೆನು ಎಷ್ಟೇ ಸರಿ ಇದ್ದರೂ ಅದರಿಂದ ಆಗದ ಕೆಲಸ. ಏಜೆಂಟರಿಗೆ 'ನನ್ನ ಗ್ರಾಹಕರು' ಅನ್ನುವ ಪುಟ ಇರುತ್ತದೆ. ಯುಆರ್‌ಎಲ್‌ನ ಕೊನೆಯಲ್ಲಿ ಖಾತೆ ನಂಬರ್ 412 ಇದ್ದದ್ದನ್ನು 413 ಮಾಡಿದರೆ? ಬೇರೆ ಏಜೆಂಟರ ಗ್ರಾಹಕರ ಲೆಕ್ಕ ಬರಬಾರದು ಅಲ್ವಾ? ಆ ಪುಟ ನೋಡುವ ಅನುಮತಿ ಇಬ್ಬರಿಗೂ ಇದೆ, ಹಾಗಾಗಿ ಅನುಮತಿ ನೋಡಿದರಷ್ಟೇ ಸಾಲದು. ಕ್ವೆರಿಯಲ್ಲೇ ಆ ಏಜೆಂಟರ ಖಾತೆಗಳಿಗೆ ಮಾತ್ರ ಫಿಲ್ಟರ್ ಹಾಕಿ. ಬೇರೆಯವರದ್ದು ಕೇಳಿದರೆ 404, ಅಂದರೆ 'ಅಂಥ ಪುಟ ಇಲ್ಲ' ಅಂತ ಬರಲಿ.

ಟೇಬಲ್ ಯಾವಾಗ ಬೇಕು ಅಂದರೆ, ಮೆನುವಿನ ಹೆಸರು, ಕ್ರಮ ಇವನ್ನು ಸೊಸೈಟಿಯವರೇ ಬದಲಾಯಿಸಬೇಕು ಅಂತ ಕೇಳಿದಾಗ ಮಾತ್ರ. ಆಗಲೂ ಅನುಮತಿಯನ್ನು ಆ ಟೇಬಲಿನಲ್ಲಿ ಇಡಬೇಡಿ.

ಕೊನೆಗೆ, ಸೂಪರ್‌ಯೂಸರ್ ಆಗಿ ಪರೀಕ್ಷೆ ಮಾಡಬೇಡಿ. ಯಾವ ಅನುಮತಿ ಕೇಳಿದರೂ ಅವರಿಗೆ ಜಾಂಗೋ ಹೌದು ಅನ್ನುತ್ತದೆ. ಪ್ರತಿ ಗುಂಪಿಗೆ ಒಬ್ಬೊಬ್ಬ ಯೂಸರನ್ನು ಮಾಡಿ. ಮೊದಲು ಯಾರಿಗೆ ಯಾವ ಪುಟ ಅನ್ನುವುದನ್ನು ಮ್ಯಾನೇಜರ ಹತ್ತಿರ ಕೂತು ಕಾಗದದ ಮೇಲೆ ಬರೆಸಿಕೊಳ್ಳಿ. ಆಮೇಲೆ ಎಲ್ಲ ಯುಆರ್‌ಎಲ್‌ಗಳನ್ನೂ ಒಂದೊಂದಾಗಿ ತೆರೆಯುವ ಟೆಸ್ಟ್ ಬರೆದು, ಆ ಪಟ್ಟಿಯಲ್ಲಿ ಇಲ್ಲದ್ದಕ್ಕೆಲ್ಲ 403 ಬರುತ್ತದಾ ನೋಡಿ. ಆ ಏಜೆಂಟರು ಫೋನ್ ಮಾಡಿದ ರಾತ್ರಿ ನಾನು ಈ ಟೆಸ್ಟ್ ಬರೆದು ಓಡಿಸಿದೆ. ಇನ್ನೂ ಮೂರು ಪುಟ ಸಿಕ್ಕಿದವು. ಅದರಲ್ಲಿ ಒಂದು ಬಡ್ಡಿ ದರ ಬದಲಾಯಿಸುವ ಪುಟ.