ಲ.ಸಾ.ಅ. ಬರುತ್ತಿತ್ತು, ಎಲ್‌ಸಿಎಂ ಬರುತ್ತಿರಲಿಲ್ಲ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹುಡುಗನಿಗೆ 13 ವರ್ಷ. ಶಹಾಪುರ ತಾಲ್ಲೂಕಿನ ಹಳ್ಳಿಯಲ್ಲಿ 7ನೇ ತರಗತಿವರೆಗೆ ಕನ್ನಡ ಮಾಧ್ಯಮ. ಈ ಜೂನ್‌ನಲ್ಲಿ ಕಲಬುರಗಿಯ ಇಂಗ್ಲಿಷ್ ಮಾಧ್ಯಮ ಶಾಲೆಗೆ 8ನೇ ತರಗತಿಗೆ ಸೇರಿದ್ದ. ಸೋದರಮಾವನ ಮನೆಯಲ್ಲಿ ವಾಸ. ಆಗಸ್ಟ್ ಹೊತ್ತಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು ಶುರುವಾಯಿತು. ಭಾನುವಾರ ಮಾತ್ರ ಇರುತ್ತಿರಲಿಲ್ಲ. ಡಾಕ್ಟರು ನೋಡಿ ಏನೂ ಇಲ್ಲ ಎಂದ ಮೇಲೆ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕರೆತಂದರು.

"ಊರಾಗ ಇವ್ನೇ ಫಸ್ಟ್ ಇದ್ದರಿ ಮೇಡಮ್, ಇಲ್ಲಿ ಬಂದ್ ಕೆಟ್ಟಾನ್ರಿ" ಎಂದರು ಅಪ್ಪ. ಹುಡುಗ ನೆಲ ನೋಡುತ್ತಿದ್ದ.

ಅಪ್ಪನನ್ನು ಹೊರಗೆ ಕೂರಿಸಿ ನೋಟ್‌ಬುಕ್ ತೆಗೆಸಿದೆ. ಅಕ್ಷರ ಮುತ್ತಿನಂತಿತ್ತು. ಬೋರ್ಡಿನ ಮೇಲಿದ್ದುದೆಲ್ಲ ಒಂದಕ್ಷರ ಬಿಡದೆ ಇಳಿಸಿಕೊಂಡಿದ್ದ. ಅರ್ಥ ಕೇಳಿದರೆ ಮೌನ. ಒಂದು ಲೆಕ್ಕದ ಪಕ್ಕದಲ್ಲಿ ಎಲ್‌ಸಿಎಂ ಎಂದಿತ್ತು. 6 ಮತ್ತು 8ರ ಲ.ಸಾ.ಅ. (ಎರಡರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಎಷ್ಟು ಅಂತ ಕೇಳಿದೆ. "24 ರೀ" ಎಂದ, ಥಟ್ಟನೆ. ಎಲ್‌ಸಿಎಂ ಅಂದರೆ ಅದೇ ಕಣೋ ಎಂದೆ. ತಲೆ ಎತ್ತಿ ನೋಡಿದ. "ಮತ್ತ ಇಷ್ಟು ದಿನ ಯಾರೂ ಯಾಕ ಹೇಳ್ಲಿಲ್ಲ್ರಿ?"

ಕೇಳಿದ್ದರೆ ಹೇಳುತ್ತಿದ್ದರೇನೋ. ಆದರೆ ಕೇಳಬೇಕಾದದ್ದು ಇಂಗ್ಲಿಷಿನಲ್ಲಿ. ಮೊದಲ ವಾರ ಒಮ್ಮೆ ಎದ್ದು ನಿಂತಾಗ ಹಿಂದಿನ ಬೆಂಚಿನವರು ಅವನ ಮಾತಿನ ಧಾಟಿಗೆ ನಕ್ಕಿದ್ದರಂತೆ. ಅಂದಿನಿಂದ ಬಾಯಿ ಮುಚ್ಚಿದ್ದ. ಹಳ್ಳಿಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಮೊದಲು ಏಳುತ್ತಿದ್ದವನು ಇವನು.

ಇವರದು ರಾಜ್ಯ ಪಠ್ಯಕ್ರಮದ ಶಾಲೆ. ಹಾಗಾಗಿ ಕನ್ನಡ ಮಾಧ್ಯಮದ ಗಣಿತ, ವಿಜ್ಞಾನ ಪುಸ್ತಕ ತರಿಸಲು ಹೇಳಿದೆ. ಪಾಠಗಳು ಅವೇ. ಶಾಲೆಯಲ್ಲಿ ನಾಳೆ ಬರುವ ಪಾಠವನ್ನು ಹಿಂದಿನ ರಾತ್ರಿ ಕನ್ನಡದಲ್ಲಿ ಓದಬೇಕು. ಛೇದ, ಕೋಶ, ಘರ್ಷಣೆ ಇಂಥ ಪದಗಳ ಎದುರು ಇಂಗ್ಲಿಷ್ ಪದ ಬರೆದುಕೊಳ್ಳಬೇಕು, ದಿನಕ್ಕೆ ಐದೇ ಸಾಕು. ಟ್ಯೂಷನ್ ಬೇಡ ಎಂದೆ. ಅಲ್ಲೂ ಇಂಗ್ಲಿಷಿನಲ್ಲೇ ಬರೆಸಿದರೆ ಏನು ಬಂತು? ಕ್ಲಾಸ್ ಟೀಚರ್ ಜೊತೆ ಫೋನಿನಲ್ಲಿ ಮಾತಾಡಿದೆ. ಸ್ವಲ್ಪ ದಿನ ಅವನು ಕನ್ನಡದಲ್ಲೇ ಉತ್ತರ ಹೇಳಲಿ ಎಂದು ಒಪ್ಪಿದರು.

ಅಪ್ಪನಿಗೆ ಹೇಳಿದ್ದು ಕಷ್ಟದ ಮಾತು. ದಿನಾ ರಾತ್ರಿ ಫೋನ್ ಮಾಡಿ ಮಾರ್ಕ್ಸ್ ಕೇಳುವುದು ಬಿಡಿ, ಉಂಡ್ಯಾ ಅಂತ ಕೇಳಿ. ಊಟ, ನಿದ್ದೆ ಕೆಟ್ಟರೆ ಅಥವಾ ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ನನಗೆ ಇಲ್ಲವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ.

ದಸರಾ ರಜೆಗೆ ಮುಂಚೆ ಮತ್ತೆ ಬಂದಿದ್ದರು. ಹೊಟ್ಟೆನೋವು ಈಗ ವಾರಕ್ಕೆ ಒಮ್ಮೆ, ಸಮಾಜ ವಿಜ್ಞಾನದ ಟೆಸ್ಟ್ ಇದ್ದ ದಿನ. ಗಣಿತ ಸುಧಾರಿಸಿದೆ, ವಿಜ್ಞಾನ ಇನ್ನೂ ಇಲ್ಲ. "ವಾಪಸ್ ಊರಿಗೇ ಹಾಕ್ಲೇನ್ರಿ?" ಎಂದು ಅಪ್ಪ ಕೇಳಿದರು. ಅದೇನೂ ಸೋಲಲ್ಲ, ಆದರೆ ವರ್ಷದ ನಡುವೆ ಬೇಡ, ಏಪ್ರಿಲ್‌ನಲ್ಲಿ ಅವನನ್ನೇ ಕೇಳಿ ಎಂದೆ. ಹುಡುಗ ಅಷ್ಟರಲ್ಲಿ ನನ್ನ ಟೇಬಲ್ ಮೇಲಿದ್ದ ಕ್ಯಾಲೆಂಡರ್ ತಿರುವುತ್ತಿದ್ದ.