ಹೊಸ ಲಿವರ್ ರೈಫಲ್ ಕೇಳುವುದಾದರೆ ಮೊದಲು ಮ್ಯಾಗಜಿನ್ ಕೇಳಿ, ಕ್ಯಾಲಿಬರ್ ಆಮೇಲೆ

ನಿಮ್ಮ ಪ್ರಶ್ನೆ: "ಲಿವರ್-ಆ್ಯಕ್ಷನ್ ರೈಫಲ್ ತಯಾರಿಸುವ ಕಂಪನಿಗಳು ನಿಮ್ಮ ಮಾತಿಗೆ ಕಿವಿಗೊಡುತ್ತವೆ ಎಂದಾದರೆ ಯಾವ ಹೊಸ ವಿನ್ಯಾಸ, ಯಾವ ಕ್ಯಾಲಿಬರ್ ಕೇಳುತ್ತೀರಿ?"

ಸ್ಯಾವೇಜ್ 99 ಎಂಬ ಹಳೆಯ ಅಮೆರಿಕನ್ ಲಿವರ್ ರೈಫಲಿನಂತೆ ಒಳಗೇ ತಿರುಗುವ ರೋಟರಿ ಮ್ಯಾಗಜಿನ್ (ತೋಟಾಗಳನ್ನು ಹಿಡಿದಿಡುವ ಭಾಗ) ಇರುವ ರೈಫಲನ್ನು ಇಂದಿನ ಯಂತ್ರಗಳಲ್ಲಿ ಮತ್ತೆ ತಯಾರಿಸಿ, ಎಲ್ಲೆಡೆ ಸಿಗುವ .308 ವಿಂಚೆಸ್ಟರ್ ಜೊತೆಗೆ 7ಎಂಎಂ-08 ರೆಮಿಂಗ್ಟನ್ ಮತ್ತು .358 ವಿಂಚೆಸ್ಟರ್ ಎಂಬ ಎರಡು ಕ್ಯಾಲಿಬರ್‌ಗಳಲ್ಲಿ (ಅಂದರೆ ತೋಟಾದ ಅಳತೆಗಳಲ್ಲಿ) ಕೊಡಿ ಎಂದು ಕೇಳುತ್ತೇನೆ. ನಾನು ಮಿಷಿಗನ್‌ನಲ್ಲಿ ನೆಲೆಸಿದವನು, ನವೆಂಬರ್ ಬಂತೆಂದರೆ ಜಿಂಕೆ ಬೇಟೆಗೆ ಹೋಗುವವನು, ಜೊತೆಗೆ ಎಡಗೈಯವನು. ನನ್ನ ಆಯ್ಕೆಯಲ್ಲಿ ಈ ಮೂರರ ಪಾಲೂ ಇದೆ.

ಭಾರತದಲ್ಲಿ ಇದನ್ನು ಓದುತ್ತಿರುವವರಿಗಾಗಿ ಸ್ವಲ್ಪ ಹಿನ್ನೆಲೆ. ಅಲ್ಲಿ ಪರವಾನಗಿ ಇದ್ದವರ ಕೈಗೆ ಬರುವ ಸರ್ಕಾರಿ ಕಾರ್ಖಾನೆಯ .315 ರೈಫಲ್ ಬೋಲ್ಟ್ ಮಾದರಿಯದು; ಬೋಲ್ಟ್ ಎಂದರೆ ನಳಿಗೆಯ ಹಿಂಬದಿಯನ್ನು ಮುಚ್ಚುವ ಉಕ್ಕಿನ ತುಂಡು. ಪ್ರತಿ ಈಡಿನ ನಂತರವೂ ಬೋಲ್ಟಿನ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ತಳ್ಳಿ, ಮತ್ತೆ ಕೆಳಗಿಳಿಸಬೇಕು. ಲಿವರ್ ರೈಫಲಿನಲ್ಲಿ ಟ್ರಿಗರಿನ ಸುತ್ತ ಇರುವ ಉಕ್ಕಿನ ಬಳೆಯೇ ಲಿವರ್. ಅದನ್ನು ಕೆಳಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಗೆ ಹಾರುತ್ತದೆ, ಮೇಲಕ್ಕೆ ಎಳೆದುಕೊಂಡರೆ ಹೊಸ ತೋಟಾ ನಳಿಗೆಯೊಳಗೆ ಸೇರುತ್ತದೆ. ರೈಫಲನ್ನು ಹೆಗಲಿನಿಂದ ಇಳಿಸಬೇಕಾಗಿಲ್ಲ, ಗುರಿಯಿಂದ ಕಣ್ಣು ತೆಗೆಯಬೇಕಾಗಿಲ್ಲ. 1860ರ ಹೆನ್ರಿ ರೈಫಲಿನಿಂದ ಇಂದಿನವರೆಗೂ ಅಮೆರಿಕದ ಬೇಟೆಗಾರರು ಇದನ್ನು ಕೈಬಿಡದಿರಲು ಈ ಅನುಕೂಲವೇ ಕಾರಣ. ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 1894 ಒಂದೇ 70 ಲಕ್ಷಕ್ಕೂ ಹೆಚ್ಚು ತಯಾರಾಗಿದೆ.

ತಮಗೆ ಬೇಕಾದ ರೈಫಲಿನ ಪಟ್ಟಿ ಮಾಡುವವರು ಸಾಮಾನ್ಯವಾಗಿ ತೋಟಾದ ಹೆಸರಿನಿಂದಲೇ ಶುರುಮಾಡುತ್ತಾರೆ: "ಮಾರ್ಲಿನ್ 336ರಲ್ಲಿ 6.5 ಕ್ರೀಡ್‌ಮೋರ್ ಯಾಕಿಲ್ಲ?" ಇಲ್ಲದಿರುವುದಕ್ಕೆ ಕಾರಣವಿದೆ. ಮಾರ್ಲಿನ್ 336ರಂಥ ಹಳೆಯ ಮಾದರಿಯ ಲಿವರ್ ರೈಫಲಿನ ಮ್ಯಾಗಜಿನ್ ಎಂದರೆ ನಳಿಗೆಯ ಕೆಳಗಿನ ಉದ್ದನೆಯ ಕೊಳವೆ. ಅದರಲ್ಲಿ ತೋಟಾಗಳು ರೈಲಿನ ಬೋಗಿಗಳಂತೆ ಒಂದರ ಹಿಂದೊಂದು ನಿಲ್ಲುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಕೇಪಿಗೆ, ಅಂದರೆ ಪ್ರೈಮರಿಗೆ, ತಾಗಿಕೊಂಡೇ ಇರುತ್ತದೆ. ಮೂತಿ ಚೂಪಾಗಿದ್ದರೆ ಈಡಿನ ಒದೆತಕ್ಕೆ ಅದು ಕೇಪನ್ನು ಕುಟ್ಟಿ ಕೊಳವೆಯೊಳಗೇ ತೋಟಾ ಸಿಡಿಯಬಹುದು. ಆದ್ದರಿಂದ ಚಪ್ಪಟೆ ಮೂತಿಯ ಗುಂಡೇ ಬೇಕು, ಅದು ಗಾಳಿಯಲ್ಲಿ ಬೇಗ ವೇಗ ಕಳೆದುಕೊಳ್ಳುತ್ತದೆ. 2006ರಲ್ಲಿ ಹಾರ್ನಡಿ ಕಂಪನಿ ಮೆತ್ತನೆಯ ರಬ್ಬರಿನಂಥ ತುದಿ ಇರುವ ಗುಂಡನ್ನು ತಂದ ಮೇಲೆ ಈ ತೊಡಕು ಬಹಳಷ್ಟು ಸಡಿಲವಾಯಿತು.

ಆದರೆ ಇನ್ನೊಂದು ತೊಡಕು ಹಾಗೆಯೇ ಉಳಿದಿದೆ, ಅದು ಒತ್ತಡದ್ದು. .30-30 ತೋಟಾದ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 42,000 ಪೌಂಡ್. .308 ವಿಂಚೆಸ್ಟರಿನದು 62,000. ಹಳೆಯ ಲಿವರ್ ರೈಫಲುಗಳ ಬೋಲ್ಟನ್ನು ಹಿಂಭಾಗದಲ್ಲಿ ಒಂದು ಉಕ್ಕಿನ ತುಂಡು ತಡೆದು ಹಿಡಿಯುತ್ತದೆ, ಅದನ್ನು ರೂಪಿಸಿದ್ದೇ ಕಡಿಮೆ ಒತ್ತಡದ ತೋಟಾಗಳಿಗೆ. ಈ ಮಿತಿಯೊಳಗೇ ಶಕ್ತಿ ಹಿಂಡಲು ಒಳ್ಳೆಯ ಪ್ರಯತ್ನಗಳು ನಡೆದಿವೆ. ವಿಂಚೆಸ್ಟರ್ 1980ರ ದಶಕದ ಆರಂಭದಲ್ಲಿ, ಗೋಡೆ ದಪ್ಪ ಮಾಡಿದ 1894ಕ್ಕಾಗಿ .307 ಮತ್ತು .356 ತೋಟಾಗಳನ್ನು ತಂದಿತು. 2007ರಲ್ಲಿ .308 ಮಾರ್ಲಿನ್ ಎಕ್ಸ್‌ಪ್ರೆಸ್ ಬಂತು. ಮೂರೂ ಯೋಗ್ಯ ತೋಟಾಗಳೇ, ಒಂದೂ ಬೇರೂರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಅವುಗಳನ್ನು ಸೋಲಿಸಿದ್ದು ಅಂಗಡಿಯ ಕಪಾಟು. ಸಣ್ಣ ಊರಿನ ಅಂಗಡಿಯಲ್ಲಿ .308 ಯಾವತ್ತೂ ಸಿಗುತ್ತದೆ. ಒಂದೇ ರೈಫಲಿಗೆಂದು ಹುಟ್ಟಿದ ತೋಟಾ ಬೇಟೆಯ ಹಿಂದಿನ ಸಂಜೆ ಸಿಗುವುದಿಲ್ಲ. ಹೊಸ ಲಿವರ್ ರೈಫಲಿಗಾಗಿ ಹೊಸ ತೋಟಾ ಹುಟ್ಟಿಸಿ ಎಂದು ಕೇಳುವವರ ಜೊತೆ ನಾನಿಲ್ಲ. ಈಗಾಗಲೇ ಎಲ್ಲೆಡೆ ಸಿಗುವ .308 ಕುಟುಂಬದ ತೋಟಾಗಳನ್ನು ನುಂಗಬಲ್ಲ ಲಿವರ್ ರೈಫಲ್ ಬೇಕು.

ಅದಕ್ಕೆ ಬೇಕಾದ ವಿನ್ಯಾಸವನ್ನು ಆರ್ಥರ್ ಸ್ಯಾವೇಜ್ ಹತ್ತೊಂಬತ್ತನೆಯ ಶತಮಾನದಲ್ಲೇ ಮಾಡಿ ತೋರಿಸಿದ್ದ. 1899ರ ಆ ಮಾದರಿಯೇ ಮುಂದೆ 99 ಎಂದು ಹೆಸರಾಯಿತು. ಅದರ ಹೊಟ್ಟೆಯಲ್ಲಿ ಹಿತ್ತಾಳೆಯ ಒಂದು ಉರುಳೆ ಇದೆ, ಸ್ಪ್ರಿಂಗಿನ ಬಲದಿಂದ ತಿರುಗುತ್ತದೆ, ಐದು ತೋಟಾಗಳನ್ನು ಪ್ರತ್ಯೇಕ ತೋಡುಗಳಲ್ಲಿ ಹಿಡಿದಿಡುತ್ತದೆ. ಯಾವ ಗುಂಡಿನ ಮೂತಿಯೂ ಇನ್ನೊಂದರ ಕೇಪಿಗೆ ತಾಗುವುದಿಲ್ಲ. ಹಾಗಾಗಿ ಚೂಪು ಗುಂಡು ಹಾಕಲು ಭಯವೇ ಇಲ್ಲ. ಬೋಲ್ಟಿನ ಹಿಂಬದಿ ಮೇಲಕ್ಕೆದ್ದು ರಿಸೀವರಿನ (ಬೋಲ್ಟ್, ಟ್ರಿಗರ್ ಕೂರುವ ಮೈಯ) ಗಟ್ಟಿ ಉಕ್ಕಿಗೆ ಆತುಕೊಳ್ಳುವುದರಿಂದ ಮುಂದೆ .308ರ ಒತ್ತಡವನ್ನೂ ಅದು ತಾಳಿಕೊಂಡಿತು. ಎಡಬದಿಯ ಪುಟ್ಟ ಕಿಂಡಿಯಲ್ಲಿ ಒಳಗೆ ಎಷ್ಟು ತೋಟಾ ಉಳಿದಿವೆ ಎಂಬ ಅಂಕಿ ಕಾಣುತ್ತದೆ. 1915ರಲ್ಲಿ ಇದೇ ರೈಫಲಿಗೆಂದು ಚಾರ್ಲ್ಸ್ ನ್ಯೂಟನ್ ರೂಪಿಸಿದ .250-3000 ತೋಟಾದ ಹೆಸರಿನಲ್ಲೇ ಅದರ ವೇಗವಿದೆ: ಸೆಕೆಂಡಿಗೆ 3,000 ಅಡಿ. ಆ ಕಾಲದಲ್ಲಿ ಅದು ಬೆರಗಿನ ವೇಗ.

99ರಲ್ಲಿ ಹೊರಗೆ ಕಾಣುವ ಹ್ಯಾಮರ್, ಅಂದರೆ ಈಡಿಗಾಗಿ ಬಡಿಯುವ ಪುಟ್ಟ ಸುತ್ತಿಗೆ, ಇಲ್ಲ. ಇದನ್ನು ಅಂದದ ಮಾತೆಂದು ತಿಳಿಯಬೇಡಿ. ಹೊರ ಹ್ಯಾಮರಿನ ರೈಫಲಿನಲ್ಲಿ ಜಿಂಕೆ ಕಂಡು ಹ್ಯಾಮರ್ ಎಳೆದು, ಅದು ಓಡಿಹೋದ ಮೇಲೆ ಜೀವಂತ ತೋಟಾದ ಮೇಲೆ ಮೆಲ್ಲಗೆ ಹ್ಯಾಮರ್ ಇಳಿಸಬೇಕಾಗುತ್ತದೆ. ಮೈನಸ್ ಹತ್ತು ಡಿಗ್ರಿ ಚಳಿಯಲ್ಲಿ, ದಪ್ಪ ಗವಸಿನೊಳಗೆ ಮರಗಟ್ಟಿದ ಹೆಬ್ಬೆರಳಿನಿಂದ ಆ ಕೆಲಸ ಮಾಡುವಾಗ ನನಗೆ ಪ್ರತಿ ಸಲವೂ ಎದೆ ಹೊಡೆದುಕೊಳ್ಳುತ್ತದೆ. 99ರ ಕೊನೆಯ ದಶಕಗಳ ಮಾದರಿಗಳಲ್ಲಿ ಸೇಫ್ಟಿ (ಅರಿಯದೆ ಈಡಾಗದಂತೆ ತಡೆಯುವ ಕೀಲು) ಹಿಡಿಕೆಯ ಮೇಲ್ಭಾಗದಲ್ಲಿ, ಹೆಬ್ಬೆರಳು ತಾನಾಗಿ ಕೂರುವ ಜಾಗದಲ್ಲಿದೆ. ಎರಡೂ ಕೈಯವರಿಗೆ ಅದು ಒಂದೇ.

ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾದ ಈ ರೈಫಲ್ 1990ರ ದಶಕದ ಕೊನೆಗೆ ನಿಂತುಹೋಯಿತು. ಉಕ್ಕಿನ ಗಟ್ಟಿಯನ್ನು ಅಷ್ಟೊಂದು ಬಗೆಯಲ್ಲಿ ಕೊರೆಯುವ ಕೂಲಿಯೇ ದುಬಾರಿಯಾಗಿತ್ತು, ಅಗ್ಗದ ಬೋಲ್ಟ್ ರೈಫಲುಗಳ ಎದುರು ಅದು ಬೆಲೆಯಲ್ಲಿ ನಿಲ್ಲಲಾರದೆ ಹೋಯಿತು.

"ಬ್ರೌನಿಂಗ್ ಬಿಎಲ್‌ಆರ್ ಇದೆಯಲ್ಲ, ಹೆನ್ರಿ ಲಾಂಗ್ ರೇಂಜರ್ ಇದೆಯಲ್ಲ" ಎಂದು ನೀವು ಕೇಳಬಹುದು. ಇವೆ, ಎರಡನ್ನೂ ಗೌರವಿಸುತ್ತೇನೆ. ಎರಡರಲ್ಲೂ ಹಲ್ಲುಚಕ್ರದ ಜೋಡಣೆ, ತಿರುಗಿ ಬೀಗ ಹಾಕಿಕೊಳ್ಳುವ ಬೋಲ್ಟ್, ಬಿಚ್ಚಿ ತೆಗೆಯುವ ಮ್ಯಾಗಜಿನ್ ಇವೆ, ನಿಖರತೆಗೆ ಕೊರತೆಯಿಲ್ಲ. ನನ್ನ ತಕರಾರು ಮ್ಯಾಗಜಿನ್ ಇರುವ ಜಾಗದ್ದು. ರೈಫಲನ್ನು ಕೈಯಲ್ಲಿ ಹಿಡಿದು ನಡೆಯುವಾಗ ತೂಕ ಸಮನಾಗುವ ಜಾಗ ರಿಸೀವರಿನ ತಳ. ಬಿಎಲ್‌ಆರ್‌ನ ಮ್ಯಾಗಜಿನ್ ಸರಿಯಾಗಿ ಅಲ್ಲೇ ಹೊರಚಾಚಿ ಬೆರಳುಗಳಿಗೆ ಒತ್ತುತ್ತದೆ. ಬಿಡಿ ಮ್ಯಾಗಜಿನ್ ಕಾಡಿನಲ್ಲಿ ಕಳೆದುಹೋಗುವ ವಸ್ತುವೂ ಹೌದು. ರೋಟರಿಯ 99ರ ತಳ ಸಪಾಟು. ದಿನವಿಡೀ ನಡೆದು ಬೇಟೆಯಾಡುವವನಿಗೆ ಇದು ಎಷ್ಟು ದೊಡ್ಡ ವಿಷಯ ಎಂಬುದು ಎರಡನ್ನೂ ಹೊತ್ತು ನಡೆದರೆ ಮಾತ್ರ ತಿಳಿಯುತ್ತದೆ.

ಇದನ್ನು ಮಾಡಬಲ್ಲ ಕಂಪನಿ ಯಾವುದು? ನನ್ನ ಕಣ್ಣು ರೂಗರ್ ಮೇಲಿದೆ. ಉಕ್ಕನ್ನು ಅಚ್ಚಿಗೆ ಎರಕ ಹೊಯ್ದು ಕೊರೆಯುವ ಕೆಲಸ ಉಳಿಸುವ ಕಲೆಯಲ್ಲಿ ಅದು ಪಳಗಿದ ಕಂಪನಿ. 1964ರ 10/22 ಎಂಬ ಸಣ್ಣ ರೈಫಲಿನಿಂದ ಇಂದಿನವರೆಗೆ ರೋಟರಿ ಮ್ಯಾಗಜಿನ್ ಅದರ ಕೈಚಳಕ. 1990ರ ದಶಕದಲ್ಲಿ ಮಾಡೆಲ್ 96 ಎಂಬ ಲಿವರ್ ರೈಫಲನ್ನೂ ಅದು ತಂದಿತ್ತು, .44 ಮ್ಯಾಗ್ನಮ್‌ನಲ್ಲಿ, ರೋಟರಿ ಮ್ಯಾಗಜಿನ್ ಸಮೇತ. ಅದು ಹೆಚ್ಚು ಕಾಲ ಬಾಳಲಿಲ್ಲ. 2020ರಲ್ಲಿ ರೆಮಿಂಗ್ಟನ್ ದಿವಾಳಿಯಾದಾಗ ಮಾರ್ಲಿನ್ ಹೆಸರನ್ನು ಕೊಂಡದ್ದೂ ರೂಗರ್, ಮರುವರ್ಷದ ಕೊನೆಗೆ ಉತ್ತರ ಕ್ಯಾರೊಲಿನಾದಲ್ಲಿ ಮಾರ್ಲಿನ್ 1895ನ್ನು ಮತ್ತೆ ಒಳ್ಳೆಯ ಗುಣಮಟ್ಟದಲ್ಲಿ ತಯಾರಿಸಿ ತೋರಿಸಿದ್ದೂ ಅದೇ. ಬೇಕಾದ ವಿದ್ಯೆಯೆಲ್ಲ ಒಂದೇ ಸೂರಿನಡಿ ಇದೆ. ದೊಡ್ಡ ತೋಟಾಕ್ಕೆ ಹೊಂದುವ ಬೋಲ್ಟನ್ನು ಹೊಸದಾಗಿ ರೂಪಿಸುವ ಧೈರ್ಯ ಮಾತ್ರ ಬೇಕು.

ಈಗ ಕ್ಯಾಲಿಬರ್. .308 ಕಡ್ಡಾಯವಾಗಿ ಇರಲಿ, ಅದಕ್ಕೆ ವಾದ ಬೇಕಿಲ್ಲ. 1980ರಲ್ಲಿ ಬಂದ 7ಎಂಎಂ-08 ಅದೇ ತೋಟಾದ ಕುತ್ತಿಗೆಯನ್ನು ಕಿರಿದು ಮಾಡಿದ್ದು. ಸುಮಾರು 9 ಗ್ರಾಂ ಗುಂಡು, ಹೆಗಲಿಗೆ .308ಕ್ಕಿಂತ ಹಗುರವಾದ ಒದೆತ, ಬಿಳಿಬಾಲದ ಜಿಂಕೆಗೆ ಬೇಕಾದಷ್ಟು ಬಲ. ಹೊಸಬರ ಕೈಗೂ ಧೈರ್ಯವಾಗಿ ಕೊಡಬಹುದು. .358 ವಿಂಚೆಸ್ಟರ್ 1955ರದು, ಅದೇ ತೋಟಾದ ಕುತ್ತಿಗೆಯನ್ನು ಅಗಲ ಮಾಡಿದ್ದು, 13 ಗ್ರಾಂ ತೂಕದ ದಪ್ಪ ಗುಂಡು. ದಟ್ಟ ಕಾಡಿನಲ್ಲಿ ಕಪ್ಪು ಕರಡಿಗೋ ಎಲ್ಕ್ ಎಂಬ ದೊಡ್ಡ ಜಿಂಕೆಗೋ ಹತ್ತಿರದಿಂದ ಗುರಿಯಿಡುವವರಿಗೆ ಇದಕ್ಕಿಂತ ಚೆನ್ನಾದದ್ದು ಈ ಅಳತೆಯಲ್ಲಿ ನನಗೆ ಕಾಣಿಸಿಲ್ಲ. ಅಂಗಡಿಯ ಕಪಾಟಿನಲ್ಲಿ .358 ಅಪರೂಪ ಎಂಬುದು ನಿಜ. ಆದರೆ .308ರ ಖಾಲಿ ಕೇಸಿನಿಂದಲೇ (ತೋಟಾದ ಹಿತ್ತಾಳೆ ಕವಚದಿಂದಲೇ) ಅದನ್ನು ಮನೆಯಲ್ಲಿ ತಯಾರಿಸಿಕೊಳ್ಳಬಹುದು, ಒಂಟಿ ಹೊಸ ತೋಟಾಕ್ಕೆ ಆ ದಾರಿಯಿಲ್ಲ. ಎಲ್ಲವೂ ಒಂದೇ ವಂಶವಾದ್ದರಿಂದ ಕಂಪನಿ ನಳಿಗೆ ಬದಲಿಸಿದರೆ ಬಹುಪಾಲು ಕೆಲಸ ಮುಗಿಯಿತು. 6.5 ಕ್ರೀಡ್‌ಮೋರ್ ಕೂಡ ಬರಲಿ, ಜನ ಕೇಳುತ್ತಾರೆ. ಅದರ ಗುಣ ದೂರದ ಬಯಲಿನಲ್ಲಿ ತೆರೆದುಕೊಳ್ಳುವಂಥದ್ದು, ನಾನು ಬೇಟೆಯಾಡುವ ಮರಗಳ ನಡುವೆ ಅಲ್ಲ.

ಕೊಳವೆ ಮ್ಯಾಗಜಿನ್‌ನ ರೈಫಲುಗಳನ್ನು ಮರೆತಿಲ್ಲ. ಅವುಗಳಲ್ಲಿ .30-30 ಇನ್ನೂ ನೂರು ವರ್ಷ ಬಾಳಲಿ. ಅದರ ಪಕ್ಕದಲ್ಲಿ 1984ರ 7-30 ವಾಟರ್ಸ್ ಅನ್ನು ಮೆತ್ತನೆ ತುದಿಯ ಗುಂಡಿನೊಂದಿಗೆ ಮತ್ತೆ ನೋಡುವ ಆಸೆ ನನಗಿದೆ. 2023ರಲ್ಲಿ ರೆಮಿಂಗ್ಟನ್ ತಂದ .360 ಬಕ್‌ಹ್ಯಾಮರ್ ಇತ್ತೀಚೆಗೆ ಬಂದ ಹೊಸ ತೋಟಾಗಳಲ್ಲಿ ನಾನು ಮನಸಾರೆ ಒಪ್ಪುವಂಥದ್ದು, ಯಾಕೆಂದರೆ ಅದು ನಿಜವಾದ ಅಗತ್ಯಕ್ಕೆ ಹುಟ್ಟಿದೆ. ಮಿಷಿಗನ್‌ನ ದಕ್ಷಿಣ ಭಾಗದಲ್ಲಿ 2014ರಲ್ಲಿ ಜಿಂಕೆ ಬೇಟೆಗೆ ರೈಫಲ್ ಬಳಸಲು ಅವಕಾಶ ಸಿಕ್ಕಿದಾಗ ಷರತ್ತಿತ್ತು: ಕುತ್ತಿಗೆ ಕಿರಿದಾಗದ ನೇರ ಗೋಡೆಯ ಕೇಸು, .35 ಅಥವಾ ಹೆಚ್ಚಿನ ಕ್ಯಾಲಿಬರ್, ಕೇಸಿನ ಉದ್ದ 1.80 ಅಂಗುಲ ಮೀರಬಾರದು. .45-70 ಉದ್ದದಲ್ಲಿ ಅನರ್ಹವಾಯಿತು. ಬಕ್‌ಹ್ಯಾಮರಿನ ಕೇಸು ಸರಿಯಾಗಿ 1.80 ಅಂಗುಲ. ಇಂಥ ನಿಯಮಗಳು ಬದಲಾಗುತ್ತಿರುತ್ತವೆ, ಪ್ರತಿ ಋತುವಿಗೂ ಮುನ್ನ ನೋಡಿಕೊಳ್ಳಿ.

ಕೊಳವೆಯವುಗಳ ಬಗ್ಗೆ ಕಂಪನಿಗಳಿಗೆ ನನ್ನ ಕಳಕಳಿಯ ಬೇಡಿಕೆ ಬೇರೆಯೇ ಇದೆ: ತೋಟಾ ತೆಗೆಯುವುದನ್ನು ಸುರಕ್ಷಿತ ಮಾಡಿ. ಇಲ್ಲಿ ಕಾರಿಗೆ ಹತ್ತುವ ಮೊದಲು ರೈಫಲ್ ಖಾಲಿ ಇರಬೇಕು. ವಿಂಚೆಸ್ಟರ್, ಮಾರ್ಲಿನ್‌ಗಳಲ್ಲಿ ಪಕ್ಕದ ಬಾಗಿಲಿನಿಂದ ತುಂಬಿದ ತೋಟಾಗಳನ್ನು ಹೊರತೆಗೆಯಲು ಕತ್ತಲಾಗುತ್ತಿರುವಾಗ ಒಂದೊಂದಕ್ಕೂ ಲಿವರ್ ಆಡಿಸಬೇಕು. ಹೆನ್ರಿ ಈಗ ಕೊಳವೆಯ ತುದಿಯಿಂದಲೂ ಪಕ್ಕದ ಬಾಗಿಲಿನಿಂದಲೂ ತುಂಬುವ ಮಾದರಿಗಳನ್ನು ಕೊಡುತ್ತಿದೆ. ಕೊಳವೆಯನ್ನು ಎಳೆದರೆ ತೋಟಾಗಳೆಲ್ಲ ಕೈಗೆ ಜಾರುತ್ತವೆ. ಎಲ್ಲರೂ ಇದನ್ನೇ ಮಾಡಲಿ. ಆ ಪಕ್ಕದ ಬಾಗಿಲನ್ನು ಎಡಬದಿಯಲ್ಲೂ ಒಂದು ಮಾದರಿಗಾದರೂ ಕೊಡಲಿ. ಲಿವರ್ ನಮಗೂ ಬಲಗೈಯವರಿಗೂ ಒಂದೇ ಆಗಿರುವಾಗ ತುಂಬುವ ಬಾಗಿಲು ಮಾತ್ರ ಸದಾ ಬಲಕ್ಕೇ ಯಾಕೆ?

ಎಆರ್-15 ಎಂಬ ಸೆಮಿ-ಆಟೊಮ್ಯಾಟಿಕ್ (ಪ್ರತಿ ಈಡಿನ ನಂತರ ತಾನೇ ಮುಂದಿನ ತೋಟಾ ತುಂಬಿಕೊಳ್ಳುವ) ರೈಫಲಿನ ಮ್ಯಾಗಜಿನ್ ಬಳಸುವ, ಅಲ್ಯೂಮಿನಿಯಂ ಹಿಡಿಕೆಯ ಲಿವರ್ ರೈಫಲುಗಳೂ ಇತ್ತೀಚೆಗೆ ಬಂದಿವೆ. ಸೆಮಿ-ಆಟೊಮ್ಯಾಟಿಕ್‌ಗಳಿಗೆ ಕಟ್ಟುಪಾಡು ಇರುವ ರಾಜ್ಯಗಳಲ್ಲಿ ಅವುಗಳಿಗೆ ಅರ್ಥವಿದೆ. ನನಗೆ ಬೇಕಿರುವುದು ಅವುಗಳಿಂದ ಒಂದೇ: ನಳಿಗೆಯ ತುದಿಯಲ್ಲಿ ಸಪ್ರೆಸರ್ (ಸದ್ದು ತಗ್ಗಿಸುವ ಸಾಧನ) ಕೂರಿಸಲು ತಿರುಪಿನ ಸುತ್ತುಗಳು. ಕಿವಿ ಹೋದರೆ ಮತ್ತೆ ಬರುವುದಿಲ್ಲ.

ಇದೆಲ್ಲ ಆಗುವವರೆಗೆ ಕಾಯಲಾಗದಿದ್ದರೆ ಹಳೆಯ 99 ಹುಡುಕಿ. .300 ಸ್ಯಾವೇಜ್ ಅಥವಾ .308 ಇರುವುದನ್ನೇ ಕೊಳ್ಳಿ, .303 ಸ್ಯಾವೇಜ್‌ಗೆ ತೋಟಾ ಸಿಗುವುದು ಕಷ್ಟ. ಖರೀದಿಗೆ ಮುನ್ನ ರಿಸೀವರಿನ ಹಿಂದೆ ಮರ ಸೇರುವ ಜಾಗದಲ್ಲಿ ಬಿರುಕು ಇದೆಯೇ ನೋಡಿ, 99ರಲ್ಲಿ ಆ ಸೀಳು ಸಾಮಾನ್ಯ. ಮಾಲೀಕರ ಅನುಮತಿ ಪಡೆದು, ನಳಿಗೆ ಸುರಕ್ಷಿತ ದಿಕ್ಕಿಗಿರಿಸಿ, ಡಮ್ಮಿ (ಮದ್ದಿಲ್ಲದ) ತೋಟಾಗಳನ್ನು ತುಂಬಿ ಲಿವರ್ ಆಡಿಸಿ. ಐದೂ ತಡೆಯಿಲ್ಲದೆ ಬಂದರೆ, ಕಿಂಡಿಯ ಅಂಕಿ ಸರಿಯಾಗಿ ಇಳಿದರೆ, ಉರುಳೆಯ ಸ್ಪ್ರಿಂಗ್ ಚೆನ್ನಾಗಿದೆ ಎಂದರ್ಥ. ತೆಗೆದುಕೊಳ್ಳಿ.